ಪ್ಯಾರಮೋರ್ ಅಂದ್ರೆ ಹೇಲಿ ವಿಲಿಯಮ್ಸ್ ಒಬ್ಳೇನಾ?

ನೀವು ಕೇಳಿರೋದು ಇಷ್ಟು: ಪ್ಯಾರಮೋರ್ ಅಂತ ಅಮೆರಿಕದ ರಾಕ್ ಬ್ಯಾಂಡ್ ಹೆಸ್ರಿದ್ರೂ ಎಲ್ಲಿ ನೋಡಿದ್ರೂ ಅದರಲ್ಲಿ ಹಾಡೋ ಹೇಲಿ ವಿಲಿಯಮ್ಸ್ ಮುಖಾನೇ ಕಾಣತ್ತೆ, ಮಿಕ್ಕವರು ಬರ್ತಾರೆ ಹೋಗ್ತಾರೆ, ಹಂಗಾದ್ರೆ ಅದು ನಿಜವಾಗ್ಲೂ ಬ್ಯಾಂಡಾ, ಇಲ್ಲ ಅವಳೊಬ್ಬಳ ಸೋಲೋ ಪ್ರಾಜೆಕ್ಟಾ?

ಅಗ್ರಿಮೆಂಟ್ ಪೇಪರ್ ನೋಡಿದ್ರೆ ಒಬ್ಳೇ. ಹಾಡು ಕೇಳಿದ್ರೆ ಬ್ಯಾಂಡು. ಈ ಎರಡರ ಮಧ್ಯದ ಜಗ್ಗಾಟಾನೇ ಅವಳ ಇಪ್ಪತ್ತು ವರ್ಷದ ಕಥೆ, ಅದಕ್ಕೆ ಸ್ವಲ್ಪ ಉದ್ದ ಆಗತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊದ್ಲು ನನ್ನ ಬಗ್ಗೆ ಒಂದು ಮಾತು ಹೇಳ್ಬಿಡ್ತೀನಿ. ಡಿಗ್ರಿ ಓದೋವಾಗ ಮೂರು ವರ್ಷ ಗಣೇಶನ ಸೀಸನ್‌ನಲ್ಲಿ ಒಂದು ಆರ್ಕೆಸ್ಟ್ರಾಗೆ ರಿದಮ್ ಪ್ಯಾಡ್ ನುಡಿಸ್ತಿದ್ದೆ. ಫ್ಲೆಕ್ಸ್ ಮೇಲೆ ಹಾಡೋ ಅಕ್ಕನ ಫೋಟೋ ಆಳೆತ್ತರಕ್ಕೆ ಇರೋದು, ಕೆಳಗಡೆ ಸಣ್ಣ ಅಕ್ಷರದಲ್ಲಿ 'ಮತ್ತು ತಂಡದವರಿಂದ' ಅಂತ, ಆ 'ತಂಡದವರು' ಅಂದ್ರೆ ನಾವು ಏಳು ಜನ. ರಾತ್ರಿ ಎರಡು ಗಂಟೆಗೆ ಪ್ರೋಗ್ರಾಂ ಮುಗಿದ್ಮೇಲೆ ದುಡ್ಡಿನ ಕವರ್ ಆಕೆ ಕೈಗೆ ಬರೋದು, ಟೆಂಪೋದೊಳಗೆ ಕೂತು ಆಕೆ ಎಣಿಸಿ ಎಣಿಸಿ ನಮಗೆ ಹಂಚೋರು. ಆ ಅಕ್ಕ ಒಂದು ದಿನಾನೂ ನಮ್ಮ ಪಾಲು ಕಮ್ಮಿ ಮಾಡ್ಲಿಲ್ಲ, ತುಂಬಾ ಒಳ್ಳೇವ್ರು. ಆದ್ರೂ ಆ ಫ್ಲೆಕ್ಸ್ ನೋಡ್ದಾಗೆಲ್ಲ ಹೊಟ್ಟೆಯಲ್ಲಿ ಏನೋ ಒಂಥರಾ ಆಗೋದು. ಅದಕ್ಕೇ ಪ್ಯಾರಮೋರ್ ಜಗಳ ಓದಿದಾಗ ನನಗೆ ಎರಡೂ ಕಡೆಯವರ ಸಂಕಟ ಅರ್ಥ ಆಯ್ತು.

ಹೇಲಿ ಹುಟ್ಟಿದ್ದು 1988ರ ಡಿಸೆಂಬರ್ 27ಕ್ಕೆ, ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಮೆರಿಡಿಯನ್ ಅನ್ನೋ ಊರಲ್ಲಿ. ಚಿಕ್ಕವಳಿದ್ದಾಗ್ಲೇ ಅಪ್ಪ ಅಮ್ಮ ಬೇರೆಯಾದ್ರು, 2002ರಲ್ಲಿ ಅಮ್ಮನ ಜೊತೆ ಟೆನೆಸೀಯ ಫ್ರಾಂಕ್ಲಿನ್‌ಗೆ ಬಂದ್ಲು. ನ್ಯಾಶ್‌ವಿಲ್ ಪಕ್ಕದ ಊರು, ಅಂದ್ರೆ ಕಂಟ್ರಿ ಮ್ಯೂಸಿಕ್ಕಿನ ರಾಜಧಾನಿ ಬಾಗಿಲಲ್ಲೇ. ಅಲ್ಲಿ ಮನೇಲೇ ಓದೋ ಮಕ್ಕಳಿಗೆ ವಾರಕ್ಕೊಮ್ಮೆ ಪಾಠ ಹೇಳ್ಕೊಡೋ ಕಡೆ ಫ್ಯಾರೊ ಅಣ್ಣತಮ್ಮ ಸಿಕ್ಕಿದ್ರು, ಜಾಶ್ ಗಿಟಾರು, ಝ್ಯಾಕ್ ಡ್ರಮ್ಸು. ಬಾಸ್ ನುಡಿಸೋ ಜೆರೆಮಿ ಡೇವಿಸ್ ಇನ್ನೊಂದು ಕಡೆ, ಒಂದು ಫಂಕ್ ಕವರ್ ಬ್ಯಾಂಡಲ್ಲಿ ಪರಿಚಯ ಆಗಿದ್ದ. ಎಲ್ಲಾ ಮೀಸೆ ಚಿಗುರದ ಹುಡುಗ್ರು.

ಅಷ್ಟರಲ್ಲಿ ದೊಡ್ಡವರ ಕಣ್ಣು ಈ ಹುಡುಗಿ ಮೇಲೆ ಬಿತ್ತು. ಇನ್ನೂ ಹದಿನಾರು ತುಂಬಿರ್ಲಿಲ್ಲ, ಅಟ್ಲಾಂಟಿಕ್ ರೆಕಾರ್ಡ್ಸ್ ಅನ್ನೋ ದೊಡ್ಡ ಮ್ಯೂಸಿಕ್ ಕಂಪನಿ ಕಾಂಟ್ರಾಕ್ಟ್ ಮುಂದಿಡ್ತು. ಅವರ ಲೆಕ್ಕ ಇವಳನ್ನ ಪಾಪ್ ಸಿಂಗರ್ ಮಾಡೋದು, ಒಬ್ಳೇ ಮೈಕ್ ಹಿಡಿದು ನಿಲ್ಲೋ ಥರ. ಇವಳು ಆಗಲ್ಲ ಅಂದ್ಲು, ನನ್ನ ಫ್ರೆಂಡ್ಸ್ ಜೊತೆ ಬ್ಯಾಂಡಲ್ಲೇ ಹಾಡ್ತೀನಿ ಅಂತ ಹಠ ಹಿಡಿದ್ಲು. ಆ ವಯಸ್ಸಿನ ಹುಡುಗಿ ಅಷ್ಟು ದೊಡ್ಡ ಕಂಪನಿ ಎದುರು ಅಷ್ಟು ಗಟ್ಟಿಯಾಗಿ ನಿಂತಳಲ್ಲ, ನನಗೆ ಅವಳ ಮೇಲೆ ಗೌರವ ಶುರುವಾಗಿದ್ದೇ ಅಲ್ಲಿಂದ. ಕಂಪನಿ ಒಪ್ಕೊಳ್ತು, ಆದ್ರೆ ಅರ್ಧ ಮಾತ್ರ. ಬ್ಯಾಂಡ್ ಇರ್ಲಿ, ಸಹಿ ಮಾತ್ರ ಹೇಲಿ ಒಬ್ಳದ್ದು. ರಿಲೀಸ್ ಮಾಡೋಕೆ ಫ್ಯೂಯೆಲ್ಡ್ ಬೈ ರಾಮೆನ್ ಅನ್ನೋ ಪುಟ್ಟ ಲೇಬಲ್ (ಅಂದ್ರೆ ಆಲ್ಬಂ ಹೊರತರೋ ಕಂಪನಿ) ಹೆಸ್ರು, ರಾಕ್ ಕೇಳೋ ಹುಡುಗರಿಗೆ ಅದು ನಮ್ಮದೇ ಅನ್ಸತ್ತಲ್ಲ, ಅದಕ್ಕೆ.

ಆ ಕಾಂಟ್ರಾಕ್ಟ್ 360 ಡೀಲ್ ಅಂತಾರಲ್ಲ, ಆ ಥರದ್ದು. ಮುಂಚೆ ಕಂಪನಿಗಳು ಕ್ಯಾಸೆಟ್ಟು ಸೀಡಿ ಮಾರಿದ ದುಡ್ಡಲ್ಲಿ ಪಾಲು ತಗೋತಿದ್ವು. ಇಂಟರ್ನೆಟ್ಟಲ್ಲಿ ಫ್ರೀಯಾಗಿ ಹಾಡು ಸಿಗೋಕೆ ಶುರುವಾಗಿ ಸೀಡಿ ಮಾರಾಟ ಬಿದ್ದೋಯ್ತು ನೋಡಿ, ಆಗ ಟೂರು, ಟೀ ಶರ್ಟು, ಎಲ್ಲದ್ರಲ್ಲೂ ನಮಗೂ ಪಾಲು ಬೇಕು ಅಂತ ಶುರು ಮಾಡಿದ್ರು. ಅದರ ಬದ್ಲಿಗೆ ಮೊದಲ ಆಲ್ಬಂ ಓಡ್ಲಿಲ್ಲ ಅಂದ್ರೂ ಕೈ ಬಿಡದೆ ಬೆಳೆಸ್ತೀವಿ ಅನ್ನೋದು ಅವರ ವಾದ. ಹಿಂಗೆ ಸಹಿ ಮಾಡಿದ ಮೊದಮೊದಲ ಹೆಸರುಗಳಲ್ಲಿ ಪ್ಯಾರಮೋರೂ ಒಂದು.

2005ರಲ್ಲಿ ಮೊದಲ ಆಲ್ಬಂ 'ಆಲ್ ವಿ ನೋ ಈಸ್ ಫಾಲಿಂಗ್' ಬಂತು. ಅದರ ಕವರ್ ಒಂದ್ಸಲ ಹುಡುಕಿ ನೋಡಿ. ಒಂದು ಕೆಂಪು ಸೋಫಾ, ಮೇಲೆ ಯಾರೂ ಇಲ್ಲ, ಪಕ್ಕದಲ್ಲಿ ದೂರ ಹೋಗ್ತಿರೋ ಒಂದು ನೆರಳು ಮಾತ್ರ. ರೆಕಾರ್ಡಿಂಗ್ ಶುರುವಾಗೋ ಹೊತ್ತಿಗೆ ಜೆರೆಮಿ ಬಿಟ್ಟು ಹೋಗಿದ್ದ, ಆ ನೆರಳು ಅವನದ್ದೇ. ಮೊದಲ ಆಲ್ಬಮ್ಮಿನ ಮುಖಪುಟದಲ್ಲೇ ಒಬ್ಬ ಫ್ರೆಂಡ್ ಎದ್ದು ಹೋದ ಜಾಗ ಇಟ್ಟಿದ್ದಾರೆ. ಸೋಲೋ ಆರ್ಟಿಸ್ಟ್ ಆಗಿದ್ರೆ ಬಾಸ್ ನುಡಿಸೋನು ಹೋದ ಅಂತ ಯಾರಾದ್ರೂ ಆಲ್ಬಮ್ಮನ್ನೇ ಅವನಿಗೋಸ್ಕರ ಮಾಡ್ತಾರಾ ಹೇಳಿ? ಸ್ವಲ್ಪ ದಿನಕ್ಕೆ ಅವನು ವಾಪಸ್ ಬಂದ ಅನ್ನೋದು ಬೇರೆ ಮಾತು.

2007ರ 'ರಾಯಟ್!' ಎಲ್ಲಾ ಬದಲಾಯಿಸ್ತು. 'ಮಿಸರಿ ಬಿಸಿನೆಸ್' ಹಾಡು, ಆ ಕಿತ್ತಳೆ ಕೂದ್ಲು, ಮ್ಯಾಗಝೀನ್ ಕವರ್ ಮೇಲೆಲ್ಲ ಅವಳೇ. ಆಗ್ಲೇ ಇವರು 'ಪ್ಯಾರಮೋರ್ ಈಸ್ ಎ ಬ್ಯಾಂಡ್' ಅಂತ ಟೀ ಶರ್ಟ್ ಪ್ರಿಂಟ್ ಮಾಡಿಸಿದ್ದು. ಎದೆ ಮೇಲೆ ಬರೆಸ್ಕೊಂಡು ತಿರುಗೋ ಪರಿಸ್ಥಿತಿ ಬಂದಿತ್ತು ಅಂದ್ರೆ ಒಳಗೆ ಎಷ್ಟು ಬೇಗುದಿ ಇತ್ತು ಊಹೆ ಮಾಡ್ಕೊಳ್ಳಿ. 2008ರಲ್ಲಿ 'ಟ್ವೈಲೈಟ್' ಸಿನಿಮಾಗೆ 'ಡಿಕೋಡ್' ಮಾಡಿದ್ರು, ನಮ್ಮ ಕಡೆ ಸುಮಾರು ಜನ ಇವರನ್ನ ಮೊದ್ಲು ಕೇಳಿದ್ದೇ ಆ ಹಾಡಿಂದ, ನಾನೂ ಸೇರಿ. 2009ರಲ್ಲಿ 'ಬ್ರಾಂಡ್ ನ್ಯೂ ಐಸ್'. 2010ರಲ್ಲಿ ಬಿ.ಒ.ಬಿ ಅನ್ನೋ ರ್‍ಯಾಪರ್ ಜೊತೆ 'ಏರ್‌ಪ್ಲೇನ್ಸ್'ನಲ್ಲಿ ಹೇಲಿ ಒಬ್ಳೇ ಹಾಡಿದ್ಲು, ಬಿಲ್‌ಬೋರ್ಡ್ ಹಾಟ್ 100 ಅನ್ನೋ ಅಮೆರಿಕದ ಹಾಡುಗಳ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಹೋಯ್ತು.

ಅದೇ ವರ್ಷ ಡಿಸೆಂಬರಲ್ಲಿ ಫ್ಯಾರೊ ಅಣ್ಣತಮ್ಮ ಇಬ್ರೂ ಹೊರಗೆ ಬಂದ್ರು. ಜಾಶ್ ಒಂದು ಉದ್ದದ ಪತ್ರ ಬರೆದು ಇಂಟರ್ನೆಟ್ಟಿಗೆ ಹಾಕಿದ. ಇದು ದೊಡ್ಡ ಲೇಬಲ್ ತಯಾರು ಮಾಡಿದ ಸರಕು, ಸಹಿ ಹೇಲಿ ಒಬ್ಳದ್ದು, ನಾವು ಅವಳ ಕನಸಿನ ಬಾಲ ಹಿಡ್ಕೊಂಡು ಹೋಗ್ತಿದ್ವಿ ಅನ್ನೋ ಅರ್ಥದಲ್ಲಿ. ಓದಿದಾಗ ನನಗೆ ನಮ್ಮ ಆ ಫ್ಲೆಕ್ಸೇ ಕಣ್ಮುಂದೆ ಬಂತು. ಅವನ ನೋವು ಸುಳ್ಳಲ್ಲ, ಮೊದಲ ಮೂರು ಆಲ್ಬಮ್ಮಿನ ಹೆಚ್ಚಿನ ಹಾಡಿಗೆ ಹೇಲಿ ಜೊತೆ ಅವನ ಹೆಸ್ರೂ ಇದೆ. ಆದ್ರೆ ಸಹಿ ಹಾಕೋವಾಗ ಅವಳೂ ಮಗುನೇ ಅಲ್ವಾ, ಬ್ಯಾಂಡ್ ಬೇಕು ಅಂತ ಹಠ ಮಾಡಿದ್ದೇ ಅವಳು. ಅವಳ ಮೇಲೆ ಸಿಟ್ಟು ತೀರಿಸ್ಕೊಂಡಿದ್ದು ಅನ್ಯಾಯ ಅಂತಾನೇ ನಾನು ಹೇಳೋದು.

ಮಿಕ್ಕಿದ್ದು ಹೇಲಿ, ಜೆರೆಮಿ, ಗಿಟಾರಿನ ಟೇಲರ್ ಯಾರ್ಕ್. 2013ರ ಆಲ್ಬಮ್ಮಿಗೆ ಬ್ಯಾಂಡಿನ ಹೆಸ್ರನ್ನೇ ಇಟ್ರು, 17 ಹಾಡು, ಬಿಲ್‌ಬೋರ್ಡ್ 200 ಅನ್ನೋ ಆಲ್ಬಮ್ಮುಗಳ ಪಟ್ಟಿಯಲ್ಲಿ ನೇರ 1ನೇ ಸ್ಥಾನ. ಅದರಲ್ಲಿನ 'ಏಂಟ್ ಇಟ್ ಫನ್' 2015ರಲ್ಲಿ ಬೆಸ್ಟ್ ರಾಕ್ ಸಾಂಗ್ ಗ್ರ್ಯಾಮಿ ಗೆಲ್ತು, ಇವರ ಮೊದಲನೇದು. ಬರೆದಿದ್ದು ಹೇಲಿ ಮತ್ತು ಟೇಲರ್.

ಅದೇ ವರ್ಷದ ಕೊನೇಲಿ ಜೆರೆಮಿ ಮತ್ತೆ ಹೋದ, ಈ ಸಲ ವಿಷಯ ಕೋರ್ಟಿಗೆ ಹೋಯ್ತು. ನಾನು ಪಾರ್ಟ್‌ನರ್, ನನಗೆ ಪಾಲು ಬೇಕು ಅಂತ ಅವನು, ಇಲ್ಲ ನೀನು ಸಂಬಳಕ್ಕಿದ್ದೆ, ಕಾಂಟ್ರಾಕ್ಟ್ ಇರೋದು ಹೇಲಿ ಒಬ್ಳ ಹೆಸ್ರಲ್ಲಿ ಅಂತ ಇವರ ಕಡೆಯ ವಕೀಲರು. ಬ್ಯಾಂಡ್ ಅಂತ ಟೀ ಶರ್ಟ್ ಹಾಕ್ಕೊಂಡಿದ್ದವಳ ಪರವಾಗಿ ಕೋರ್ಟಲ್ಲಿ ಅದೇ ಹಳೇ ಸಹಿ ತೋರಿಸ್ಬೇಕಾಯ್ತು. ನನಗೆ ಇಡೀ ಕಥೇಲಿ ಅತೀ ನೋವಾಗೋ ಜಾಗ ಇದು. 2017ರಲ್ಲಿ ರಾಜಿ ಆಯ್ತು. ಅದೇ ಹೊತ್ತಲ್ಲಿ, 2016ರಲ್ಲಿ ಆಗಿದ್ದ ಅವಳ ಮದುವೆನೂ ಮುರೀತು, ಡಿಪ್ರೆಶನ್ನಿಗೆ ಹೋದ್ಲು, ಅದನ್ನ ಮುಚ್ಚಿಡದೆ ಆಮೇಲೆ ಹೇಳ್ಕೊಂಡ್ಲು.

ಆ ಕತ್ತಲೆಯಲ್ಲೇ ಬಂದಿದ್ದು 2017ರ 'ಆಫ್ಟರ್ ಲಾಫ್ಟರ್'. ಕೇಳೋಕೆ ಎಂಬತ್ತರ ದಶಕದ ಸಿಂಥ್ ಕೀಬೋರ್ಡಿನ ಸದ್ದು, ಕಾಲು ತಾನಾಗೇ ಕುಣಿಯತ್ತೆ, ಸಾಹಿತ್ಯ ಗಮನ ಇಟ್ಟು ಕೇಳಿದ್ರೆ ಗಂಟಲು ಕಟ್ಟತ್ತೆ. ಡ್ರಮ್ಸ್ ಮೇಲೆ ಯಾರು ಅಂದ್ರೆ ಝ್ಯಾಕ್! ಏಳು ವರ್ಷದ ಹಿಂದೆ ಅಣ್ಣನ ಜೊತೆ ಎದ್ದು ಹೋಗಿದ್ದವನು ವಾಪಸ್ ಬಂದಿದ್ದ.

ಆಮೇಲೆ ಎರಡು ಸೋಲೋ ಆಲ್ಬಂ ಮಾಡಿದ್ಲು, 2020ರಲ್ಲಿ 'ಪೆಟಲ್ಸ್ ಫಾರ್ ಆರ್ಮರ್', ಅದನ್ನ ಪ್ರೊಡ್ಯೂಸ್ ಮಾಡಿದ್ದೂ ಟೇಲರೇ. 2021ರ ಎರಡನೇದರಲ್ಲಿ ಮಾತ್ರ ವಾದ್ಯಗಳನ್ನೆಲ್ಲ ತಾನೇ ನುಡಿಸಿದ್ದಾಳೆ. ಅದೇ 2021ರಲ್ಲಿ ಪಾಪ್ ಸಿಂಗರ್ ಒಲಿವಿಯಾ ರಾಡ್ರಿಗೋಳ 'ಗುಡ್ ಫಾರ್ ಯು' ಹಾಡು 'ಮಿಸರಿ ಬಿಸಿನೆಸ್' ಥರ ಇದೆ ಅಂತ ಸುದ್ದಿಯಾಗಿ, ಬರೆದವರ ಪಟ್ಟಿಗೆ ಎರಡು ಹೆಸ್ರು ಸೇರಿಸಿದ್ರು: ಹೇಲಿ ವಿಲಿಯಮ್ಸ್, ಜಾಶ್ ಫ್ಯಾರೊ. ಬಿಟ್ಟು ಹೋಗಿ ಹತ್ತು ವರ್ಷ ಆಗಿತ್ತು ಅವನು, ಹೆಸ್ರು ಮಾತ್ರ ಪಕ್ಕಪಕ್ಕದಲ್ಲೇ.

2023ರ 'ದಿಸ್ ಈಸ್ ವೈ' ಹೇಲಿ, ಟೇಲರ್, ಝ್ಯಾಕ್ ಮೂವರೇ ಸೇರಿ ಮಾಡಿದ್ದು, 2024ರಲ್ಲಿ ಬೆಸ್ಟ್ ರಾಕ್ ಆಲ್ಬಂ ಗ್ರ್ಯಾಮಿ ತಂತು. ಆ ಆಲ್ಬಮ್ಮಿನ ಜೊತೆಗೇ ಅಟ್ಲಾಂಟಿಕ್ ಕಾಂಟ್ರಾಕ್ಟೂ ಮುಗೀತು. ಹದಿನಾರು ತುಂಬೋ ಮುಂಚೆ ಹಾಕಿದ ಸಹಿಯಿಂದ ಬಿಡುಗಡೆ ಆಗೋಷ್ಟೊತ್ತಿಗೆ ಅವಳಿಗೆ ಮೂವತ್ತೈದು. 2025ರಲ್ಲಿ 17 ಹಾಡನ್ನ ಯಾವ ಕ್ರಮನೂ ಇಲ್ದೆ ಬಿಡಿಬಿಡಿಯಾಗಿ ಬಿಟ್ಲು, ಯಾವುದು ಮೊದ್ಲು ಯಾವುದು ಆಮೇಲೆ ಅಂತ ಕೇಳೋರೇ ಜೋಡಿಸ್ಕೊಂಡ್ರು, ಆಮೇಲೆ ಅದು ಆಲ್ಬಂ ಆಯ್ತು. ಲೇಬಲ್ ಅವಳದ್ದೇ, ಹೆಸ್ರು 'ಪೋಸ್ಟ್ ಅಟ್ಲಾಂಟಿಕ್', ಅಂದ್ರೆ ಅಟ್ಲಾಂಟಿಕ್ ಆದ್ಮೇಲೆ. ಆ ಹೆಸ್ರು ಓದಿ ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳಲ್ಲ.

ನೀವು ಹೊಸದಾಗಿ ಕೇಳ್ತಿದ್ರೆ 'ಆಫ್ಟರ್ ಲಾಫ್ಟರ್'ನ 'ಹಾರ್ಡ್ ಟೈಮ್ಸ್'ನಿಂದ ಶುರು ಮಾಡಿ, ಒಳ್ಳೇ ಹೆಡ್‌ಫೋನ್ ಇರ್ಲಿ. ಮೊದಲ ಸಲ ಅವಳ ಧ್ವನಿ ಕೇಳ್ಕೊಳ್ಳಿ, ಅದು ಹೆಂಗಿದ್ರೂ ಎಳ್ಕೊಂಡು ಹೋಗತ್ತೆ. ಎರಡನೇ ಸಲ ಧ್ವನಿ ಬಿಟ್ಟು ಝ್ಯಾಕ್ ಡ್ರಮ್ಸ್ ಮಾತ್ರ ಹಿಂಬಾಲಿಸಿ, ಮೂರನೇ ಸಲ ಟೇಲರ್ ಗಿಟಾರು. ಆಮೇಲೆ ಒಬ್ಳೇನಾ ಅಲ್ವಾ ಅಂತ ನನಗೆ ಕಾಮೆಂಟಲ್ಲಿ ಹೇಳಿ.