ಹಸಿರು ಕಾಗದದ ಮೂರನೆಯ ಚೌಕ

ತಂಗಿ,

ಅರಸೀಕೆರೆಯಿಂದ ನೀನು ಬರೆದದ್ದು ಓದಿದೆ. ಜರ್ಮನಿಗೆ ಎಂ.ಎಸ್. ಓದಲು ಬರುವುದೋ, ಆಪರ್ಚುನಿಟಿ ಕಾರ್ಡ್ ಹಿಡಿದು ಕೆಲಸ ಹುಡುಕುತ್ತ ಬರುವುದೋ, ದುಡ್ಡೆಷ್ಟು ಬೇಕು, ಕಚೇರಿಯಲ್ಲಿ ಇಂಗ್ಲಿಷ್ ನಡೆಯುವುದಾದರೆ ಜರ್ಮನ್ ಯಾಕೆ, ಊಟಕ್ಕೇನು ಎಂದು ಕೇಳಿದ್ದೀಯ. 2013ರಲ್ಲಿ ತಿಪಟೂರಿನಿಂದ ಹೊರಟಾಗ ನಾನು ಕೇಳಿದ್ದೂ ಇವೇ ಪ್ರಶ್ನೆಗಳು. ನಮ್ಮ ಮನೆಯಲ್ಲಿ ಊಟದ್ದು ಮೊದಲು ಬಂದಿತ್ತು, ಅಷ್ಟೇ ವ್ಯತ್ಯಾಸ. ಅಮ್ಮ ಎರಡು ಕೆಜಿ ಹುಳಿಪುಡಿ, ಒಂದು ಡಜನ್ ಕೊಬ್ಬರಿ ಗಿಟುಕು ಕಟ್ಟಿಕೊಟ್ಟಿದ್ದರು. ಸ್ಟುಟ್‌ಗಾರ್ಟ್‌ನಲ್ಲಿ ಇಳಿದದ್ದು ಭಾನುವಾರ. ಅಂದು ಇಲ್ಲಿ ದಿನಸಿ ಅಂಗಡಿಗಳು ಬಾಗಿಲು ಹಾಕಿರುತ್ತವೆ ಎಂದು ಯಾರೂ ಹೇಳಿರಲಿಲ್ಲ. ಹುಳಿಪುಡಿ ಇತ್ತು, ಅಕ್ಕಿ, ಬೇಳೆ ಇರಲಿಲ್ಲ. ಕೊಬ್ಬರಿ ಕಡಿದು, ನೀರು ಕುಡಿದು ಮಲಗಿದೆ. ಈಗ ಎಲ್ಲವೂ ಸಿಗುತ್ತದೆ, ಊಟದ ಚಿಂತೆ ಬಿಡು.

ದಾರಿಯ ವಿಷಯಕ್ಕೆ ಬರೋಣ. ನಿನಗಿರುವುದು ಎರಡು ವರ್ಷದ ಅನುಭವ. ನನ್ನ ಓಟು ಓದಿಗೆ. ಆಪರ್ಚುನಿಟಿ ಕಾರ್ಡ್ 2024ರ ಜೂನ್‌ನಿಂದ ಇದೆ. ಪದವಿಗೆ ಇಲ್ಲಿ ಪೂರ್ಣ ಮಾನ್ಯತೆ ಇದ್ದರೆ ಸರಿ, ಇಲ್ಲವಾದರೆ ವಯಸ್ಸು, ಅನುಭವ, ಭಾಷೆ ಎಂದು ಅಂಕ ಕೂಡಿಸಿ ಆರು ಮುಟ್ಟಬೇಕು. ಒಂದು ವರ್ಷದ ಅವಧಿ, ಅಷ್ಟರಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಕೇಳಲು ಚೆನ್ನಾಗಿದೆ. ಆದರೆ ಹನ್ನೊಂದನೆಯ ತಿಂಗಳಲ್ಲಿ ಕ್ಯಾಲೆಂಡರ್ ನೋಡುತ್ತ ಕೂತವರನ್ನು ಕಂಡಿದ್ದೇನೆ. ಓದಿ ಮುಗಿಸಿದವರಿಗಾದರೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ, ಅಷ್ಟು ಹೊತ್ತಿಗೆ ಊರಿನ ಪರಿಚಯವೂ ಆಗಿರುತ್ತದೆ.

ದುಡ್ಡು: ವಿದ್ಯಾರ್ಥಿಗಳು ವರ್ಷದ ಖರ್ಚೆಂದು ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕಾದದ್ದು 2025ರ ಲೆಕ್ಕದಲ್ಲಿ 11,904 ಯೂರೊ. ಅದು ನಿನ್ನದೇ ದುಡ್ಡು, ತಿಂಗಳಿಗೆ 992ರಂತೆ ವಾಪಸ್ ಬರುತ್ತದೆ. ನಿಮ್ಮಪ್ಪನಿಗೆ ಇದನ್ನು ಬಿಡಿಸಿ ಹೇಳು, ಇಲ್ಲದಿದ್ದರೆ ಅದು ಫೀಸು ಎಂದುಕೊಂಡು ತೋಟ ಅಡವಿಡುವ ಮಾತೆತ್ತುತ್ತಾರೆ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ನಮ್ಮ ಬಾಡೆನ್ ವ್ಯುರ್ಟೆಂಬರ್ಗ್ ರಾಜ್ಯದಲ್ಲಾದರೆ 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಇದೆ. ನಾನು ಓದುವಾಗ ಇರಲಿಲ್ಲ, ಅದೊಂದು ಅದೃಷ್ಟ. ನಿನ್ನ ಅಂಕಪಟ್ಟಿ, ಪದವಿಪತ್ರಗಳು ಅಸಲಿ ಎಂದು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರಕ್ಕೆ ಈಗಲೇ ಅರ್ಜಿ ಹಾಕು, ಅದಿಲ್ಲದೆ ಓದಿನ ವೀಸಾ ಮುಂದೆ ಹೋಗುವುದಿಲ್ಲ. ಉಳಿದ ಕಾಗದಗಳ ಪಟ್ಟಿ ದೂತಾವಾಸದ ಜಾಲತಾಣದಲ್ಲಿದೆ.

ಇನ್ನು ಜರ್ಮನ್. ಕಚೇರಿಯಲ್ಲಿ ಇಂಗ್ಲಿಷ್ ಸಾಕು ಎಂದು ನಿನಗೆ ಹೇಳಿದವರು ಸುಳ್ಳು ಹೇಳಿಲ್ಲ. ನನ್ನ ತರಗತಿ ಇಂಗ್ಲಿಷಿನಲ್ಲಿ, ಪ್ರಬಂಧ ಇಂಗ್ಲಿಷಿನಲ್ಲಿ, ಸಿಕ್ಕ ಕೆಲಸವೂ ಇಂಗ್ಲಿಷಿನಲ್ಲಿ. ಮೂರು ವರ್ಷ ನಾನು ಕಲಿತ ಜರ್ಮನ್, ಬೇಕರಿಯ ಬಾಗಿಲು ದಾಟಲಿಲ್ಲ. ಅದರ ಬಗ್ಗೆ ಜಂಬವೂ ಇತ್ತು ಅನ್ನು.

2017ರ ಜನವರಿ. ಓದು ಮುಗಿದು ಕೆಲಸ ಸಿಕ್ಕಿತ್ತು, ವಿದ್ಯಾರ್ಥಿ ಪರವಾನಗಿ ಮುಗಿಯುವ ಮೊದಲೇ ಬ್ಲೂ ಕಾರ್ಡ್‌ಗೆ, ಅಂದರೆ ಪದವಿ ಇರುವ ಕೆಲಸಗಾರರ ವಾಸದ ಪರವಾನಗಿಗೆ, ಅರ್ಜಿ ಹಾಕಿದ್ದೆ. ಕಾರ್ಡ್ ತಯಾರಾಗುವವರೆಗೆ ಇರಲೆಂದು ವಲಸೆ ಕಚೇರಿಯವರು ಮಡಚಿದ ಹಸಿರು ಕಾಗದವೊಂದನ್ನು ಕೊಟ್ಟರು. ಅದರ ಹೆಸರು ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್. ಅಷ್ಟುದ್ದದ ಹೆಸರು ನೋಡಿಯೇ ಚೀಲದೊಳಗೆ ತುರುಕಿದೆ. ಆ ತಿಂಗಳ ಕೊನೆಯಲ್ಲಿ ಊರಿನಲ್ಲಿ ನನ್ನ ಅಪ್ಪನಿಗೆ ಲಕ್ವ ಹೊಡೆಯಿತು. ಮಾತು ನಿಂತಿತ್ತು, ಗುರುತು ಹಿಡಿಯುತ್ತಿದ್ದರಂತೆ. ಟಿಕೆಟ್ ನೋಡುತ್ತಿದ್ದಾಗ ಜೊತೆಯಲ್ಲಿದ್ದ ಗೆಳೆಯನೊಬ್ಬ, ಈ ಕಾಗದ ಹಿಡಿದು ದೇಶ ಬಿಟ್ಟರೆ ಮತ್ತೆ ಒಳಗೆ ಬಿಡುವುದಿಲ್ಲ ಎಂದ. ಅವನಿಗೆ ಯಾರೋ ಹಾಗೆ ಹೇಳಿದ್ದರಂತೆ. ಆ ವಲಸೆ ಕಚೇರಿಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು. ಆ ಕಡೆಯವರು ಜರ್ಮನ್‌ನಲ್ಲಿ ಗಡಗಡನೆ ಮಾತಾಡಿದರೆ ಏನು ಹೇಳುವುದು ಎಂದು ಎರಡು ಸಲ ನಂಬರ್ ಒತ್ತಿ ಎರಡು ಸಲವೂ ಕತ್ತರಿಸಿದೆ. ಅಮ್ಮನಿಗೆ, ಕಾರ್ಡ್ ಬಂದ ತಕ್ಷಣ ಹೊರಡುತ್ತೇನೆ ಎಂದೆ. ಹನ್ನೊಂದನೆಯ ದಿನ ಅಪ್ಪ ಹೋದರು. ಚಿಕ್ಕಪ್ಪನ ಮಗ ಕೊಳ್ಳಿ ಇಟ್ಟ. ನಾನು ಫೋನಿನ ಪರದೆಯಲ್ಲಿ ನೋಡಿದೆ. ನಡುವೆ ನೆಟ್‌ವರ್ಕ್ ಹೋಗಿ ಅದೂ ಪೂರ್ತಿ ಕಾಣಲಿಲ್ಲ. ಕಾರ್ಡ್ ಬಂದದ್ದು ಮಾರ್ಚ್‌ನಲ್ಲಿ.

ಆಮೇಲೆ ಹಟ ಹಿಡಿದು ಸಂಜೆ ತರಗತಿಗೆ ಸೇರಿದೆ. ಬಿ1 ಪರೀಕ್ಷೆಗೆ (ಎ1, ಎ2 ಆದ ಮೇಲಿನ ಭಾಷೆಯ ಹಂತ) ಓದುವಾಗ ಒಂದು ರಾತ್ರಿ ಹಳೆಯ ಕಡತದಿಂದ ಆ ಹಸಿರು ಕಾಗದ ತೆಗೆದೆ. ಅದರಲ್ಲಿ ಮೂರು ಚೌಕಗಳಿವೆ. ನನ್ನದರಲ್ಲಿ ಗುರುತು ಬಿದ್ದಿದ್ದದ್ದು ಮೂರನೆಯದಕ್ಕೆ, ಜರ್ಮನಿಯ ವಾಸದ ಕಾನೂನಿನ 81ನೇ ಕಲಂನ ನಾಲ್ಕನೇ ಉಪಕಲಂ: ಹಳೆಯ ಪರವಾನಗಿಯೇ ಮುಂದುವರಿದಿದೆ ಎಂದು ಅರ್ಥ. ಮೊದಲ ಚೌಕವಾಗಿದ್ದರೆ ಗೆಳೆಯನ ಮಾತು ಸರಿ. ಮೂರನೆಯದಿದ್ದರೆ ಹೋಗಿ ಬರಬಹುದು. ನಾನು ಹೋಗಿ ಬರಬಹುದಿತ್ತು. ಗೆಳೆಯನಿಗೆ ಇದನ್ನು ಇವತ್ತಿನವರೆಗೆ ಹೇಳಿಲ್ಲ, ಅಮ್ಮನಿಗೂ ಹೇಳಿಲ್ಲ.

ಇಲ್ಲಿಂದ ಸ್ವಲ್ಪ ದೂರದ ಟ್ಯೂಬಿಂಗನ್‌ನಲ್ಲಿ ನಮ್ಮ ಕಿಟೆಲ್ ಸಾಹೇಬರು 1903ರಲ್ಲಿ ತೀರಿಕೊಂಡರು. ಒಂದು ಭಾನುವಾರ ಆ ಊರಿಗೆ ಹೋಗಿದ್ದೆ. ನಮ್ಮ ಭಾಷೆಯ ನಿಘಂಟನ್ನೇ ಕಟ್ಟಿ ಬಂದವರ ಊರಿನಲ್ಲಿ ನನ್ನ ಆ ಒಂದು ಹಾಳೆಯ ನೆನಪಾಗಿ ತಲೆ ತಗ್ಗಿತು.

ನಿನಗೆ ಇನ್ನೂ ಹತ್ತು ತಿಂಗಳಿದೆ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಆನ್‌ಲೈನ್‌ನಲ್ಲೋ ಎ2 ಮುಗಿಸಿಯೇ ವಿಮಾನ ಹತ್ತು. ಲಾಭದ ಲೆಕ್ಕವೇ ಬೇಕೆಂದರೆ, ಬ್ಲೂ ಕಾರ್ಡ್ ಇರುವವರಿಗೆ ಬಿ1 ಜರ್ಮನ್ ಇದ್ದರೆ 21 ತಿಂಗಳಿಗೆ ಕಾಯಂ ವಾಸದ ಪರವಾನಗಿ, ಎ1 ಮಾತ್ರ ಇದ್ದರೆ 27 ತಿಂಗಳು. ಪೌರತ್ವಕ್ಕೀಗ ಐದು ವರ್ಷ ಸಾಕು. ಹಳೆಯದನ್ನು ಬಿಡಬೇಕಿಲ್ಲ ಎಂದು ಜರ್ಮನಿ ಹೇಳುತ್ತದೆ, ಬಿಡಲೇಬೇಕು ಎಂದು ನಮ್ಮ ದೇಶ ಹೇಳುತ್ತದೆ. ನಾನು ಇನ್ನೂ ಆ ಅರ್ಜಿ ಹಾಕಿಲ್ಲ. ಅಮ್ಮ ಇರುವವರೆಗೆ ಹಾಕುವ ಮನಸ್ಸೂ ಇಲ್ಲ.

ಎಪಿಎಸ್ ಬಂದ ಮೇಲೆ ತಿಳಿಸು. ಬರುವಾಗ ಹುಳಿಪುಡಿಯ ಭಾರ ಹೊರಬೇಡ. ಜಾಗವಿದ್ದರೆ ತಿಪಟೂರಿನ ಕೊಬ್ಬರಿ ನಾಲ್ಕು ಗಿಟುಕು ತಾ, ಇಲ್ಲಿ ಸಿಗುವುದು ಹೊಟ್ಟಿನ ಹಾಗಿರುತ್ತದೆ. ಟಿಕೆಟ್ ಮಾತ್ರ ಭಾನುವಾರ ಇಳಿಯುವ ಹಾಗೆ ತೆಗೆಯಬೇಡ.