ಸ್ಟಾರ್ ವಾರ್ಸ್ ಕಾದಂಬರಿಗೂ ಸಿನಿಮಾಗೂ ಕಥೆ ತಾಳೆಯಾಗದಿದ್ದರೆ

ರಾಯಚೂರಿನ ಹಳೆ ಪುಸ್ತಕದಂಗಡಿಯಲ್ಲಿ ಕೊಂಡ ಸ್ಟಾರ್ ವಾರ್ಸ್ ಕಾದಂಬರಿ 'ಏರ್ ಟು ದಿ ಎಂಪೈರ್' 2015ರ 'ದಿ ಫೋರ್ಸ್ ಅವೇಕನ್ಸ್' ಸಿನಿಮಾಕ್ಕೆ ಯಾಕೆ ತಾಳೆಯಾಗಲ್ಲ ಅಂತ ನೀವು ಕೇಳಿದ್ದೀರಿ. ಹೆಚ್ಚಾಗಿ ಕಾರಣ ಇದೇ: ಅದು 1991ರ ಕಾದಂಬರಿ. 2014ರಲ್ಲಿ ಸ್ಟಾರ್ ವಾರ್ಸ್ ತಯಾರಿಸುವ ಕಂಪನಿ ಲ್ಯೂಕಾಸ್‌ಫಿಲ್ಮ್ ಅಲ್ಲಿವರೆಗಿನ ಹೆಚ್ಚಿನ ಕಾದಂಬರಿಗಳನ್ನು 'ಲೆಜೆಂಡ್ಸ್' ಅಂತ ಬದಿಗಿಟ್ಟು, ಸಿನಿಮಾಗೆ ಬೇರೆಯೇ ಕಥೆ ಹೆಣೆಯಿತು.

ಮೊದಲು ಮುಖಪುಟ ನೋಡಿ, 'ಲೆಜೆಂಡ್ಸ್' ಎಂದು ಬರೆದ ಅಡ್ಡಪಟ್ಟಿ ಇದ್ದರೆ ಹಳೆ ಕಥೆ. ಹಳೆ ಮುದ್ರಣದಲ್ಲಿ ಆ ಪಟ್ಟಿ ಇರೋದಿಲ್ಲ, ಹಾಗಾಗಿ ಒಳಪುಟದಲ್ಲಿ ಮೊದಲು ಪ್ರಕಟವಾದ ವರ್ಷ ಹುಡುಕಿ; 2014ಕ್ಕಿಂತ ಹಿಂದಿನದಾದರೆ ಹೆಚ್ಚಾಗಿ ಹಳೆ ಕಥೆಯೇ. ಆಮೇಲೆ ಸಿನಿಮಾ ಪಕ್ಕಕ್ಕಿಟ್ಟು, ನಿಮ್ಮ ಪುಸ್ತಕದ ಮುಂದಿನ ಭಾಗಗಳಾದ 'ಡಾರ್ಕ್ ಫೋರ್ಸ್ ರೈಸಿಂಗ್', 'ದಿ ಲಾಸ್ಟ್ ಕಮಾಂಡ್' ಇದೇ ಕ್ರಮದಲ್ಲಿ ಓದಿ. ಈ ಕಥೆಯ ಖಳನಾಯಕ ಥ್ರಾನ್, ಶತ್ರುಗಳ ಕಲಾಕೃತಿ ನೋಡಿಯೇ ಅವರ ಯುದ್ಧದ ಬುದ್ಧಿ ಅಳೆಯುತ್ತಾನಲ್ಲ, ಅದಕ್ಕಾದರೂ ಅರ್ಧಕ್ಕೆ ಬಿಡಬೇಡಿ. ತುಂಬಾ ಚೆನ್ನಾಗಿದೆ.

ಸಿನಿಮಾಗೆ ಹೊಂದುವ ಥ್ರಾನ್ ಬೇಕೆಂದರೆ, ಅದೇ ಲೇಖಕ ತಿಮೊತಿ ಜಾನ್ ಬರೆದ 2017ರ 'ಥ್ರಾನ್' ಹಿಡಿಯಿರಿ. ಊರಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ತರಿಸಿ.