ಗುರಿ ರೈಫಲ್ ಮತ್ತು ಮಲೆನಾಡಿನ ಮಳೆ

ಪ್ರಶ್ನೆ: 50 ಮೀಟರ್ ಗುರಿ ಸ್ಪರ್ಧೆಯ ಅಭ್ಯಾಸಕ್ಕೆ .22 ಬೋಲ್ಟ್ ಆ್ಯಕ್ಷನ್ ರೈಫಲ್ ಕೊಳ್ಳಬೇಕೆಂದಿದ್ದೇನೆ. ಬೆಲೆ ಹೆಚ್ಚಿದಷ್ಟೂ ನಿಖರತೆ ಹೆಚ್ಚುತ್ತದೆಯೇ? ಮರದ ಹಿಡಿ ನಮ್ಮ ಮಳೆಗೆ ತಾಳುತ್ತದೆಯೇ?
– ಓದುಗರೊಬ್ಬರು, ಶಿರಸಿ

ಉತ್ತರ: ಬೆಲೆಗಿಂತ ನಳಿಗೆಯನ್ನು ನೋಡಿ. ಗುಂಡು ಹೊರಬೀಳುವ ತುದಿಯ ಅಂಚಿನಲ್ಲಿ ಸಣ್ಣ ಗೀರಿದ್ದರೂ ಗುಂಡಿನ ಹಿಂದಿನ ಅನಿಲ ಒಂದೇ ಮಗ್ಗುಲಿಗೆ ನುಗ್ಗಿ ಅದರ ದಾರಿಯನ್ನು ಕೆಡಿಸುತ್ತದೆ. ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ ಅಗುಳಿ) ಕಳಚಿ ಹಿಂಬದಿಯಿಂದಲೇ ಶುಚಿಗೊಳಿಸಲು ಸಾಧ್ಯವಿರುವುದರಿಂದ ಈ ಅಂಚನ್ನು ಕಾಪಾಡುವುದು ಇಂಥ ರೈಫಲ್‌ನಲ್ಲಿ ಸುಲಭ.

ಮರದ ಬಗೆಗಿನ ನಿಮ್ಮ ಅನುಮಾನ ಸರಿಯಾದದ್ದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಮರ ಉಬ್ಬಿ ನಳಿಗೆಯನ್ನು ಒತ್ತಿದರೆ, ಬೇಸಿಗೆಯಲ್ಲಿ ಹೊಂದಿಸಿದ ಗುರಿ ಆಷಾಢದಲ್ಲಿ ಸರಿಯುತ್ತದೆ. ನಳಿಗೆಗೂ ಮರಕ್ಕೂ ನಡುವೆ ಕಾಗದದ ತುಂಡೊಂದು ಸಲೀಸಾಗಿ ಸರಿಯುವಂತೆ ಮಾಡಿದ ರೈಫಲ್ ಆರಿಸಿಕೊಳ್ಳಿ. ಲ್ಯಾಮಿನೇಟ್ (ತೆಳು ಮರದ ಪದರಗಳನ್ನು ಅಂಟಿಸಿದ) ಅಥವಾ ಅಲ್ಯುಮಿನಿಯಂ ಹಿಡಿಯಾದರೆ ಇನ್ನೂ ಒಳ್ಳೆಯದು. ಹಿಡಿಯ ತಿರುಪುಗಳು ಸಡಿಲವಾಗಿರಬಾರದು.

ಹಲವರು ಕಡೆಗಣಿಸುವುದು ಕಾಡತೂಸನ್ನು. ಒಂದೇ ಕಂಪನಿಯದಾದರೂ ತಯಾರಿಕೆಯ ಕಂತು ಬದಲಾದಂತೆ .22ರ ಗುಂಡುಗಳ ವೇಗ ತುಸು ಬದಲಾಗುತ್ತದೆ. ರೈಫಲನ್ನು ಆನಿಕೆಯ ಮೇಲಿಟ್ಟು ಹಲವು ಕಂತುಗಳ ಗುಂಡು ಹಾರಿಸಿ ನೋಡಿ, ನಿಮ್ಮ ನಳಿಗೆಗೆ ಒಗ್ಗಿದ್ದನ್ನೇ ಕೂಡಿಡಿ. ಹೊಸ ರೈಫಲ್‌ಗಿಂತ ಇದರಿಂದಲೇ ಹೆಚ್ಚು ಲಾಭವೆಂಬುದು ನನ್ನ ದೃಢ ಅಭಿಪ್ರಾಯ.

1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಮೊದಲು, ಖರೀದಿ ನಂತರ. ಅದಕ್ಕಾಗಿ ಕಾರವಾರದ ಜಿಲ್ಲಾಧಿಕಾರಿ ಕಚೇರಿಯನ್ನು ವಿಚಾರಿಸಿ.